ಸಾಕು ಬಾತುಕೋಳಿಯ ಮೊಟ್ಟೆ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆ ಸಂಜೆಯವರೆಗೆ ಕೆಸರು ಕೆದಕುತ್ತಿದ್ದ ಹಕ್ಕಿ ಇವತ್ತು ಮೂಲೆ ಹಿಡಿದು ನಿಂತಿರುತ್ತದೆ. ಹೆಣ್ಣು ಬಾತು ಸಾಕಿದ ಬಹಳ ಜನ ಇದನ್ನು ನೋಡಿರುತ್ತಾರೆ. ಆಗ ಏಳುವ ಪ್ರಶ್ನೆಗಳು ಇಲ್ಲಿವೆ. ನಿಮ್ಮ ಹಕ್ಕಿ ಈಗಲೇ ತಿಣುಕುತ್ತಿದ್ದರೆ ಮೊದಲ ಐದು ಉತ್ತರ ಓದಿ, ಪಶುವೈದ್ಯರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನನ್ನ ಹೆಣ್ಣು ಬಾತು ಬೆಳಗ್ಗೆಯಿಂದ ಮಂಕಾಗಿದೆ. ಮೊಟ್ಟೆ ಸಿಕ್ಕಿಕೊಂಡಿರಬಹುದಾ?

ಮೊಟ್ಟೆ ಇಡುವ ವಯಸ್ಸಿನ ಹಕ್ಕಿಯಾದರೆ ಮೊದಲು ಇದನ್ನೇ ಅನುಮಾನಿಸಿ. ನೋಡಬೇಕಾದ ಗುರುತುಗಳಿವೆ. ಬಾಲ ಕೆಳಗೆ ಬಿಟ್ಟು, ಮೈ ಎತ್ತಿ ಪೆಂಗ್ವಿನ್ ಥರ ನಿಲ್ಲುತ್ತದೆ. ಕಾಲು ಅಗಲಿಸಿ ನಡೆಯುತ್ತದೆ, ಇಲ್ಲವೇ ನಡೆಯುವುದನ್ನೇ ಬಿಡುತ್ತದೆ. ಗೂಡಿಗೆ ಹೋಗಿ ಕೂತು ಏನೂ ಇಡದೆ ಎದ್ದು ಬರುತ್ತದೆ, ಮತ್ತೆ ಹೋಗುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ, ಹಿಂಭಾಗದಲ್ಲಿ ತಿಣುಕುವುದು ಕಾಣುತ್ತದೆ. ಹಿಕ್ಕೆ ಕಡಿಮೆಯಾಗುತ್ತದೆ ಅಥವಾ ನೀರುನೀರಾಗಿ ಗರಿಗೆ ಮೆತ್ತಿಕೊಳ್ಳುತ್ತದೆ. ಇಷ್ಟದ ತಿಂಡಿ ಮುಂದಿಟ್ಟರೂ ಮುಖ ತಿರುಗಿಸುತ್ತದೆ.

ಕೆಲವು ಹಕ್ಕಿಗಳು ಒಂದು ಕಾಲು ಕುಂಟುತ್ತವೆ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಕಾಲಿಗೆ ಹೋಗುವ ನರಗಳನ್ನು ಒತ್ತಿದಾಗ ಹೀಗಾಗುತ್ತದೆ. ಕಾಲಿಗೆ ಏಟಾಗಿದೆ ಎಂದುಕೊಂಡು ಎರಡು ದಿನ ಕಾದವರು ಬಹಳ ಜನ ಇದ್ದಾರೆ. ಮೊಟ್ಟೆ ಇಡುವ ಬಾತು ಕುಂಟಿದರೆ ಹೊಟ್ಟೆಯನ್ನೂ ನೋಡಿಸಿ.

ಬಾತು ತನ್ನ ಕಾಯಿಲೆಯನ್ನು ಕೈಲಾದಷ್ಟು ಹೊತ್ತು ಮುಚ್ಚಿಡುತ್ತದೆ. ಬೇಟೆಗೆ ಸಿಗುವ ಪ್ರಾಣಿಗಳ ಸ್ವಭಾವ ಅದು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತೊಂದರೆ ಆಗಲೇ ಮುಂದೆ ಹೋಗಿರುತ್ತದೆ. ಅದಕ್ಕೇ ಮಂಕಾದ ಮೊದಲ ದಿನವೇ ಕೆಲಸ ಶುರುವಾಗಬೇಕು ಎಂದು ನಾನು ಹಟ ಹಿಡಿದು ಹೇಳುವುದು.

ಕಾವು ಕೂತಿದೆಯೋ ಕಾಯಿಲೆಯೋ ತಿಳಿಯುವುದು ಹೇಗೆ?

ಕಾವು ಕೂತ ಬಾತಿಗೆ ಸಿಟ್ಟು ಇರುತ್ತದೆ. ಹತ್ತಿರ ಹೋದರೆ ಗರಿ ಉಬ್ಬಿಸಿ ಬುಸುಗುಡುತ್ತದೆ, ಕುಕ್ಕಲು ಬರುತ್ತದೆ. ದಿನಕ್ಕೆ ಒಂದೆರಡು ಸಲ ಎದ್ದು ಬಂದು ಗಬಗಬ ತಿಂದು, ನೀರಿಗಿಳಿದು, ಒಂದು ದೊಡ್ಡ ನಾರುವ ಹಿಕ್ಕೆ ಹಾಕಿ ವಾಪಸ್ ಓಡುತ್ತದೆ. ಕಣ್ಣು ಚುರುಕಾಗಿರುತ್ತದೆ. ಮೊಟ್ಟೆ ಸಿಕ್ಕಿಕೊಂಡ ಹಕ್ಕಿಯಲ್ಲಿ ಈ ಚುರುಕು ಇರುವುದಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತದೆ, ಎತ್ತಿಕೊಂಡರೂ ಸುಮ್ನೆ ಬಿದ್ದಿರುತ್ತದೆ. ಎಂದೂ ಕೈಗೆ ಸಿಗದ ಬಾತು ಇವತ್ತು ಸುಲಭವಾಗಿ ಸಿಕ್ಕಿತು ಎಂದರೆ ಅದು ಖುಷಿಪಡುವ ವಿಷಯವಲ್ಲ.

ವೈದ್ಯರ ಹತ್ತಿರ ಹೋಗುವವರೆಗೆ ಮನೆಯಲ್ಲಿ ಏನು ಮಾಡಬಹುದು?

ಬೆಚ್ಚಗಿನ ನೀರಿನ ಸ್ನಾನ ಮೊದಲ ಕೆಲಸ. ಟಬ್‌ನಲ್ಲಿ ಹಕ್ಕಿಯ ಹೊಟ್ಟೆ ಮತ್ತು ಹಿಂಭಾಗ ಮುಳುಗುವಷ್ಟು ನೀರು ಹಾಕಿ. ನಿಮ್ಮ ಮೊಣಕೈ ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ಹದಿನೈದು ಇಪ್ಪತ್ತು ನಿಮಿಷ ಅದರಲ್ಲಿ ಇರಲಿ, ನೀರು ಆರಿದರೆ ಬೆಚ್ಚಗಿನ ನೀರು ಸೇರಿಸಿ. ಬಿಸಿಯಿಂದ ಸ್ನಾಯು ಸಡಿಲವಾಗುತ್ತದೆ. ನೀರು ಮೈ ಭಾರವನ್ನು ಹೊರುವುದರಿಂದ ನೋವೂ ಇಳಿಯುತ್ತದೆ. ಹಕ್ಕಿ ತೀರಾ ಬಳಲಿದ್ದರೆ ತಲೆ ನೀರಿಗೆ ಬೀಳದಂತೆ ಪಕ್ಕದಲ್ಲೇ ಕೂತಿರಿ. ಬಾತು ಮುಳುಗುವುದಿಲ್ಲ ಎಂಬ ನಂಬಿಕೆ ಆರೋಗ್ಯವಾಗಿರುವ ಬಾತಿಗೆ ಮಾತ್ರ ಸರಿ.

ಆಮೇಲೆ ಟವೆಲ್‌ನಿಂದ ಒರೆಸಿ, ಬೆಚ್ಚಗಿನ, ಮಬ್ಬು ಬೆಳಕಿನ, ಗಲಾಟೆ ಇಲ್ಲದ ಕೋಣೆಯಲ್ಲಿ ಬಿಡಿ. ಒಣಗಿದ ಹುಲ್ಲು ಅಥವಾ ಮೆತ್ತನೆಯ ಬಟ್ಟೆ ಹಾಸಿ. ದೀಪದಿಂದ ಬಿಸಿ ಕೊಡುವುದಾದರೆ ಒಂದು ಮೂಲೆಗೆ ಮಾತ್ರ ಕೊಡಿ. ಸೆಕೆಯಾದರೆ ಅದು ಇನ್ನೊಂದು ಮೂಲೆಗೆ ಹೋಗುವಂತಿರಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿಯಾಗಿದೆ ಎಂದರ್ಥ.

ಕ್ಯಾಲ್ಸಿಯಂ ಕೊಡುವುದು ಎರಡನೆಯ ಕೆಲಸ. ಮೊಟ್ಟೆಯನ್ನು ಹೊರಗೆ ತಳ್ಳುವುದು ಸ್ನಾಯುವಿನ ಕೆಲಸ, ಆ ಸ್ನಾಯು ಬಿಗಿಯಾಗಲು ರಕ್ತದಲ್ಲಿ ಕ್ಯಾಲ್ಸಿಯಂ ಬೇಕು. ಬಾಯಿಗೆ ಕೊಡುವ ಕ್ಯಾಲ್ಸಿಯಂ ದ್ರವ ಅಥವಾ ಮಾತ್ರೆ ಮನೆಯಲ್ಲಿದ್ದರೆ ಹಕ್ಕಿಯ ತೂಕ ಹೇಳಿ, ಎಷ್ಟು ಕೊಡಬೇಕೆಂದು ಫೋನಿನಲ್ಲಿ ವೈದ್ಯರನ್ನು ಕೇಳಿ ಕೊಡಿ. ತಾನಾಗಿ ಕುಡಿಯುವ ಹಕ್ಕಿಗೆ ನೀರು ಮುಂದಿಡಿ. ಸಿರಿಂಜಿನಿಂದ ಬಲವಂತವಾಗಿ ಬಾಯಿಗೆ ಸುರಿಯಬೇಡಿ. ಬಾತಿನ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಸವರಿದರೆ ಅದೇ ನೆಕ್ಕಿಕೊಳ್ಳುತ್ತದೆ.

ಗುದದ್ವಾರದ ಸುತ್ತ ಎಣ್ಣೆಯಿಲ್ಲದ, ನೀರಿನಿಂದ ಮಾಡಿದ ಜಾರುವ ಜೆಲ್ (ಲೂಬ್ರಿಕೆಂಟ್) ಸ್ವಲ್ಪ ಸವರಬಹುದು. ಅಡುಗೆ ಎಣ್ಣೆ ಬೇಡ. ಎಣ್ಣೆ ಗರಿಗೆ ಹಿಡಿದರೆ ನೀರು ತಡೆಯುವ ಗುಣ ಹೋಗುತ್ತದೆ, ಆಮೇಲೆ ಹಕ್ಕಿ ನೆನೆದು ಚಳಿಗೆ ಸಿಗುತ್ತದೆ.

ಮಾಡಲೇಬಾರದ್ದು ಯಾವುದು?

ಹೊಟ್ಟೆ ಹಿಂಡಬೇಡಿ. ಒಳಗಿನ ಮೊಟ್ಟೆಯನ್ನು ಒಡೆಯಬೇಡಿ. ಬೆರಳು ಹಾಕಿ ಎಳೆಯಬೇಡಿ. ಒಡೆದ ಚಿಪ್ಪಿನ ಅಂಚು ಮೊಟ್ಟೆನಾಳವನ್ನು ಸೀಳುತ್ತದೆ, ಹಿಂಡಿದರೆ ನಾಳವೇ ಹರಿಯಬಹುದು. ಹಕ್ಕಿಯನ್ನು ಬೆನ್ನ ಮೇಲೆ ಮಲಗಿಸಿ ಬಹಳ ಹೊತ್ತು ಹಿಡಿಯುವುದೂ ತಪ್ಪು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದರೇ ಉಸಿರಾಟ. ಎದೆಯನ್ನು ಗಟ್ಟಿಯಾಗಿ ಅಮುಕಿದರೆ ಉಸಿರು ನಿಲ್ಲುತ್ತದೆ. ನಮ್ಮ ನೋವಿನ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬೇಡಿ.

ಎಷ್ಟು ಹೊತ್ತು ಕಾಯಬಹುದು?

ಹಕ್ಕಿ ಇನ್ನೂ ಓಡಾಡುತ್ತಾ, ಒಂದಿಷ್ಟು ತಿನ್ನುತ್ತಾ ಇದ್ದರೆ ಸ್ನಾನ, ಬಿಸಿ, ಕ್ಯಾಲ್ಸಿಯಂ ಕೊಟ್ಟು ಕೆಲವು ಗಂಟೆ ನೋಡಬಹುದು. ಆ ಹೊತ್ತಿನಲ್ಲೇ ವೈದ್ಯರಲ್ಲಿ ಸಮಯ ಗೊತ್ತು ಮಾಡಿಕೊಳ್ಳಿ. ನಿಲ್ಲಲಾಗದೆ ಬಿದ್ದಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ರಕ್ತ ಬರುತ್ತಿದ್ದರೆ, ಒಳಗಿನ ಅಂಗ ಹೊರಗೆ ಬಂದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಸಿಕ್ಕಿಕೊಂಡ ಮೊಟ್ಟೆ ಒಂದೆರಡು ದಿನದಲ್ಲೇ ಜೀವ ತೆಗೆಯಬಹುದು.

ವೈದ್ಯರು ಏನು ಮಾಡುತ್ತಾರೆ?

ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಯುತ್ತಾರೆ. ಚಿಪ್ಪು ಕಟ್ಟಿದ ಮೊಟ್ಟೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚಿಪ್ಪಿಲ್ಲದ ತೊಗಲು ಮೊಟ್ಟೆಯೋ ಹೊಟ್ಟೆಯಲ್ಲಿ ನೀರೋ ಇದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಹೆಚ್ಚು ಸಹಾಯ ಮಾಡುತ್ತದೆ. ಮೊದಲು ದ್ರವ, ಬಿಸಿ, ನೋವಿನ ಔಷಧಿ, ಕ್ಯಾಲ್ಸಿಯಂ ಇಂಜೆಕ್ಷನ್. ಬಹಳಷ್ಟು ಹಕ್ಕಿಗಳು ಇಷ್ಟಕ್ಕೇ ಮೊಟ್ಟೆ ಇಟ್ಟುಬಿಡುತ್ತವೆ.

ಆಗದಿದ್ದರೆ ಆಕ್ಸಿಟೋಸಿನ್‌ನಂಥ ಹಾರ್ಮೋನ್ ಅಥವಾ ಪ್ರೊಸ್ಟಗ್ಲಾಂಡಿನ್ ಜೆಲ್ ಬಳಸುತ್ತಾರೆ. ಇವನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ದಾರಿ ಕಟ್ಟಿಕೊಂಡಿರುವಾಗ ಸ್ನಾಯುವನ್ನು ಬಲವಂತವಾಗಿ ಬಿಗಿಸಿದರೆ ನಾಳ ಒಡೆಯುತ್ತದೆ. ಅದೂ ಫಲ ಕೊಡದಿದ್ದರೆ ಅರಿವಳಿಕೆ ಕೊಟ್ಟು, ಸೂಜಿಯಿಂದ ಮೊಟ್ಟೆಯ ಒಳಗಿನದ್ದನ್ನು ಹೀರಿ ತೆಗೆದು, ಚಿಪ್ಪನ್ನು ಮೆಲ್ಲಗೆ ಕುಗ್ಗಿಸಿ ಹೊರಗೆ ತರುತ್ತಾರೆ. ಕೊನೆಯ ದಾರಿ ಆಪರೇಷನ್.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಯ ಮೊಟ್ಟೆ ಯಾವಾಗ, ಅದರ ಚಿಪ್ಪು ಹೇಗಿತ್ತು, ಏನು ತಿನ್ನುತ್ತದೆ, ತೂಕ ಎಷ್ಟು. ಹಿಕ್ಕೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಎಲ್ಲ ಪಶುವೈದ್ಯರಿಗೂ ಹಕ್ಕಿಗಳ ಅಭ್ಯಾಸ ಇರುವುದಿಲ್ಲ. ಬಾತು ಆರೋಗ್ಯವಾಗಿರುವಾಗಲೇ ಹಕ್ಕಿ ನೋಡುವ ವೈದ್ಯರನ್ನು ಹುಡುಕಿಟ್ಟುಕೊಳ್ಳಿ.

ಅಷ್ಟಕ್ಕೂ ಮೊಟ್ಟೆ ಯಾಕೆ ಸಿಕ್ಕಿಕೊಳ್ಳುತ್ತದೆ?

ಒಳಗೆ ನಡೆಯುವ ಕೆಲಸ ಗೊತ್ತಾದರೆ ಉತ್ತರ ತಾನಾಗಿ ಸಿಗುತ್ತದೆ. ಹೆಣ್ಣು ಬಾತಿನಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮತ್ತು ಎಡಗಡೆಯ ಮೊಟ್ಟೆನಾಳ ಮಾತ್ರ ಕೆಲಸ ಮಾಡುತ್ತವೆ. ಅಂಡಾಶಯದಿಂದ ಹಳದಿ ಬಿಡುಗಡೆಯಾಗುತ್ತದೆ, ನಾಳದ ಅಗಲವಾದ ಬಾಯಿ ಅದನ್ನು ಹಿಡಿದುಕೊಳ್ಳುತ್ತದೆ. ಮುಂದೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಆಮೇಲೆ ತೆಳು ಪೊರೆ, ಕೊನೆಗೆ ಚಿಪ್ಪು. ಪೂರ್ತಿ ಕೆಲಸಕ್ಕೆ ಸುಮಾರು ಒಂದು ದಿನ ಬೇಕು, ಅದರಲ್ಲಿ ಬಹುಪಾಲು ಸಮಯ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಚಿಪ್ಪಿನ ಶೇಕಡಾ 90ಕ್ಕೂ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ತಿಂದ ಆಹಾರದಲ್ಲಿ ಅಷ್ಟು ಸಿಗದಿದ್ದರೆ ಹಕ್ಕಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ.

ಈಗ ಇದೇ ಕೆಲಸ ವರ್ಷಕ್ಕೆ ಎಷ್ಟು ಸಲ ನಡೆಯುತ್ತದೆ ನೋಡಿ. ಕಾಡು ಬಾತು ವರ್ಷಕ್ಕೆ ಒಂದೆರಡು ಸಲ, ಒಂದು ಗೂಡಿಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ನಿಲ್ಲಿಸುತ್ತದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಒಳ್ಳೆಯ ಹಕ್ಕಿ ವರ್ಷಕ್ಕೆ 300ರ ಹತ್ತಿರ ಇಡಬಲ್ಲದು. ಹಾಗೆ ಇಡಲೆಂದೇ ನಾವು ಆ ತಳಿ ಬೆಳೆಸಿದ್ದೇವೆ. ಅದರ ದೇಹ ತೆರುವ ಬೆಲೆಯನ್ನು ನೋಡಿಕೊಳ್ಳುವ ಹೊಣೆಯೂ ನಮ್ಮದೇ ಅಲ್ವಾ?

ಇದರ ಜೊತೆಗೆ ಕ್ಯಾಲ್ಸಿಯಂ ಅಥವಾ ಡಿ ವಿಟಮಿನ್ ಕೊರತೆ, ಬೊಜ್ಜು, ಓಡಾಟವಿಲ್ಲದಿರುವುದು, ತೀರಾ ದೊಡ್ಡ ಅಥವಾ ಸೊಟ್ಟ ಮೊಟ್ಟೆ, ನಾಳದ ಸೋಂಕು, ವಿಪರೀತ ಚಳಿ, ಹೆದರಿಕೆ ಇವೂ ಕಾರಣವಾಗುತ್ತವೆ. ಎಳೆಯ ಹಕ್ಕಿಯ ಮೊದಲ ಮೊಟ್ಟೆಗಳಲ್ಲೂ, ವಯಸ್ಸಾದ ಹಕ್ಕಿಯಲ್ಲೂ ಅಪಾಯ ಜಾಸ್ತಿ.

ಚಿಪ್ಪಿಲ್ಲದ ತೊಗಲು ಮೊಟ್ಟೆ ಬಂದಿದೆ. ಹೆದರಬೇಕಾ?

ಈಗಷ್ಟೇ ಮೊಟ್ಟೆ ಶುರು ಮಾಡಿದ ಹಕ್ಕಿಯಲ್ಲಿ ಒಂದೋ ಎರಡೋ ಬಂದರೆ ಚಿಂತೆ ಬೇಡ. ಪದೇ ಪದೇ ಬಂದರೆ ಅದು ಎಚ್ಚರಿಕೆ. ತೊಗಲು ಮೊಟ್ಟೆ ಮೆತ್ತಗಿರುವುದರಿಂದ ಸ್ನಾಯುವಿಗೆ ಅದನ್ನು ತಳ್ಳಲು ಹಿಡಿತ ಸಿಗುವುದಿಲ್ಲ, ಹೀಗಾಗಿ ಗಟ್ಟಿ ಮೊಟ್ಟೆಗಿಂತ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಆಹಾರ, ಬಿಸಿಲು, ಕ್ಯಾಲ್ಸಿಯಂ ಮೂರನ್ನೂ ನೋಡಿ. ಎಲ್ಲ ಸರಿಯಿದ್ದೂ ನಿಲ್ಲದಿದ್ದರೆ ನಾಳದಲ್ಲಿ ಸೋಂಕು ಇರಬಹುದು.

ಹಿಂಭಾಗದಲ್ಲಿ ಕೆಂಪು ಮಾಂಸದಂಥದ್ದು ಹೊರಗೆ ಬಂದಿದೆ. ಏನದು?

ತಿಣುಕಿ ತಿಣುಕಿ ಮೊಟ್ಟೆನಾಳದ ಭಾಗವೇ ಹೊರಗೆ ಜಾರಿದೆ. ಇದು ತುರ್ತು. ಮೊದಲು ಬೇರೆ ಹಕ್ಕಿಗಳಿಂದ ದೂರ ಮಾಡಿ. ಕೆಂಪು ಬಣ್ಣ ಕಂಡರೆ ಅವು ಕುಕ್ಕುತ್ತವೆ, ಕೆಲವೇ ನಿಮಿಷದಲ್ಲಿ ದೊಡ್ಡ ಗಾಯವಾಗುತ್ತದೆ. ಸಲೈನ್ ಅಥವಾ ಸ್ವಚ್ಛ ಬೆಚ್ಚಗಿನ ನೀರಿನಿಂದ ಕಸ, ಮಣ್ಣು ತೊಳೆಯಿರಿ. ಅದು ಒಣಗಬಾರದು. ಜೆಲ್ ಸವರಿ, ಒದ್ದೆಯಾದ ಸ್ವಚ್ಛ ಬಟ್ಟೆ ಮುಚ್ಚಿ. ಊತ ಬಹಳ ಇದ್ದರೆ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚುವುದುಂಟು. ಸಕ್ಕರೆ ಊತದ ನೀರನ್ನು ಎಳೆದುಕೊಳ್ಳುತ್ತದೆ. ನಂತರ ತೊಳೆದು ಮತ್ತೆ ಜೆಲ್ ಸವರಿ.

ಒಳಗೆ ತಳ್ಳುವ ಕೆಲಸ ವೈದ್ಯರಿಗೆ ಬಿಡಿ. ಒಳಗೆ ಇನ್ನೊಂದು ಮೊಟ್ಟೆ ಇದ್ದರೆ ಅಥವಾ ಅಂಗ ಕಪ್ಪಾಗಿದ್ದರೆ ತಳ್ಳುವುದರಿಂದ ಕೆಡುಕೇ ಜಾಸ್ತಿ. ಅವರು ಸೇರಿಸಿ, ಮತ್ತೆ ಜಾರದಂತೆ ತಾತ್ಕಾಲಿಕ ಹೊಲಿಗೆ ಹಾಕಬಹುದು. ಒಮ್ಮೆ ಜಾರಿದ್ದು ಮುಂದಿನ ಮೊಟ್ಟೆಗೆ ಮತ್ತೆ ಜಾರುವುದು ಸಾಮಾನ್ಯ. ಆದ್ದರಿಂದ ಮೊಟ್ಟೆ ನಿಲ್ಲಿಸುವ ಮಾತನ್ನೂ ಅದೇ ಭೇಟಿಯಲ್ಲಿ ಆಡಿ.

ಮೊಟ್ಟೆ ನಿಂತು ವಾರಗಳಾದವು. ಹೊಟ್ಟೆ ಮಾತ್ರ ಊದುತ್ತಿದೆ. ಏನಿರಬಹುದು?

ಹಳದಿ ಕೆಲವೊಮ್ಮೆ ನಾಳದ ಬಾಯಿಗೆ ಸಿಗದೆ ಹೊಟ್ಟೆಯೊಳಗೇ ಬೀಳುತ್ತದೆ. ಸ್ವಲ್ಪವಾದರೆ ದೇಹ ಹೀರಿಕೊಳ್ಳುತ್ತದೆ. ಮತ್ತೆ ಮತ್ತೆ ಬಿದ್ದರೆ ಹೊಟ್ಟೆಯ ಒಳಪದರ ಉರಿಯೂತಕ್ಕೆ ಗುರಿಯಾಗುತ್ತದೆ, ನೀರು ತುಂಬುತ್ತದೆ. ಅದಕ್ಕೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸೇರಿದರೆ ಹಕ್ಕಿ ಬೇಗ ಕುಸಿಯುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಹಳದಿ ತುಂಬಾ ಒಳ್ಳೆಯ ಜಾಗ.

ಮೋಸ ಹೋಗುವುದು ಇಲ್ಲಿಯೇ. ಹೊಟ್ಟೆ ತುಂಬಿ ಹಕ್ಕಿ ದಪ್ಪಗಾದಂತೆ ಕಾಣುತ್ತದೆ. ಆದರೆ ಎದೆಮೂಳೆಯನ್ನು ಮುಟ್ಟಿದರೆ ಎರಡೂ ಕಡೆ ಮಾಂಸ ಕರಗಿ ಮೂಳೆ ಚೂಪಾಗಿ ಸಿಗುತ್ತದೆ. ವಾರಕ್ಕೊಮ್ಮೆ ಎದೆಮೂಳೆ ಮುಟ್ಟಿ ನೋಡುವ, ತೂಕ ಬರೆದಿಡುವ ಅಭ್ಯಾಸ ಇದ್ದರೆ ಇದು ಬೇಗ ಗೊತ್ತಾಗುತ್ತದೆ. ನನ್ನ ಪ್ರಕಾರ ಬಾತು ಸಾಕುವವರ ಮನೆಯಲ್ಲಿ ಇರಲೇಬೇಕಾದ ಸಾಮಾನು ತಕ್ಕಡಿ.

ಹೊಟ್ಟೆಯ ನೀರು ಉಸಿರಾಟಕ್ಕೆ ಬೇಕಾದ ಗಾಳಿಚೀಲಗಳನ್ನು ಒತ್ತುವುದರಿಂದ ಉಸಿರಾಟ ಕಷ್ಟವಾಗುತ್ತದೆ. ವೈದ್ಯರು ಸ್ವಲ್ಪ ನೀರು ತೆಗೆದು ಪರೀಕ್ಷಿಸಿ, ಸೋಂಕಿಗೆ ಆಂಟಿಬಯೋಟಿಕ್, ನೋವು ಮತ್ತು ಊತಕ್ಕೆ ಔಷಧಿ ಕೊಡುತ್ತಾರೆ. ಮೊಟ್ಟೆ ನಿಲ್ಲಿಸುವ ಹಾರ್ಮೋನ್ ಕೊಡುವುದೂ ಉಂಟು. ವಯಸ್ಸಾದ ಹಕ್ಕಿಯಲ್ಲಿ ಅಂಡಾಶಯದ ಅಥವಾ ನಾಳದ ಗಡ್ಡೆಯೂ ಇದೇ ಥರ ಹೊಟ್ಟೆ ಊದಿಸುತ್ತದೆ. ಬರೀ ನೋಡಿ ಇದೇ ಎಂದು ಹೇಳಲಾಗುವುದಿಲ್ಲ, ಸ್ಕ್ಯಾನ್ ಮಾಡಿಸಿ.

ಮೊಟ್ಟೆಯ ಬದಲು ರಬ್ಬರಿನಂಥ ಗಟ್ಟಿ ಮುದ್ದೆ ಬಂದಿದೆ.

ಅದು ಮೊಟ್ಟೆಯಲ್ಲ. ನಾಳದಲ್ಲಿ ಸೋಂಕಾದಾಗ ಕೀವು, ಲೋಳೆ, ಹಳದಿ ಪದರಪದರವಾಗಿ ಗಟ್ಟಿಯಾಗಿ ಹೊರಬರುತ್ತದೆ. ಹಕ್ಕಿಗಳ ಕೀವು ದ್ರವವಾಗಿರದೆ ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ, ಆದ್ದರಿಂದ ಔಷಧಿ ಅದರೊಳಕ್ಕೆ ಇಳಿಯುವುದು ಕಷ್ಟ. ಆ ಮುದ್ದೆಯನ್ನು ಬಿಸಾಡದೆ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ಹಕ್ಕಿ ಆ ದಿನ ಚುರುಕಾಗಿದ್ದರೂ ಬಿಡಬೇಡಿ.

ಮೊಟ್ಟೆ ಇಡುವುದನ್ನು ನಿಲ್ಲಿಸಲು ಮನೆಯಲ್ಲಿ ದಾರಿ ಇದೆಯಾ?

ಪೂರ್ತಿ ನಿಲ್ಲಿಸಲು ಆಗದಿದ್ದರೂ ಕಡಿಮೆ ಮಾಡಬಹುದು. ತೊಂದರೆ ಬಂದು ವಾಸಿಯಾದ ಹಕ್ಕಿಗೆ ಇದನ್ನು ಮಾಡಲೇಬೇಕು ಎನ್ನುತ್ತೇನೆ.

ಬೆಳಕು ಎಲ್ಲಕ್ಕಿಂತ ದೊಡ್ಡದು. ಹಗಲು ಉದ್ದವಾದಷ್ಟೂ ಹಕ್ಕಿಯ ಮೆದುಳು ಇದು ಮರಿ ಮಾಡುವ ಕಾಲ ಎಂದು ಅಂಡಾಶಯಕ್ಕೆ ಸಂದೇಶ ಕಳಿಸುತ್ತದೆ. ದಿನಕ್ಕೆ 14 ಗಂಟೆಗಿಂತ ಹೆಚ್ಚು ಬೆಳಕಿದ್ದರೆ ಮೊಟ್ಟೆ ನಡೆಯುತ್ತಲೇ ಇರುತ್ತದೆ. ಗೂಡಿನಲ್ಲಿ ರಾತ್ರಿ ಲೈಟ್ ಹಾಕುವ ರೂಢಿ ಇದ್ದರೆ ಇವತ್ತೇ ಬಿಡಿ. ಮನೆಯ ಒಳಗೆ ಸಾಕಿದ ಬಾತಿಗೆ ನಮ್ಮ ದೀಪಗಳೇ ಹಗಲು. ಸಂಜೆ ಬೇಗ ಕತ್ತಲ ಕೋಣೆಗೆ ಸೇರಿಸಿ, ಬೆಳಗ್ಗೆ ತಡವಾಗಿ ಬಿಡಿ. ಬೆಳಕು 8ರಿಂದ 10 ಗಂಟೆಗೆ ಇಳಿದರೆ ಬಹಳ ಹಕ್ಕಿಗಳು ಕೆಲವು ವಾರದಲ್ಲಿ ನಿಧಾನಿಸುತ್ತವೆ. ಕೋಣೆಗೆ ಗಾಳಿ ಚೆನ್ನಾಗಿ ಆಡಬೇಕು, ಸೆಕೆಯಾಗಬಾರದು.

ಮೊಟ್ಟೆ ಎತ್ತುವ ವಿಷಯ. ಗೂಡಿನಿಂದ ದಿನಾ ಮೊಟ್ಟೆ ತೆಗೆದರೆ ಹಕ್ಕಿ ಲೆಕ್ಕ ತುಂಬಲಿಲ್ಲ ಎಂಬಂತೆ ಮತ್ತೆ ಇಡುತ್ತದೆ. ನಿಜವಾದ ಮೊಟ್ಟೆ ತೆಗೆದು ಅಲ್ಲಿ ಮರದ ಅಥವಾ ಪಿಂಗಾಣಿಯ ಮೊಟ್ಟೆ ಇಟ್ಟರೆ ಕೆಲವು ಹಕ್ಕಿಗಳು ಕಾವಿಗೆ ಕೂರುತ್ತವೆ, ಆಗ ಮೊಟ್ಟೆ ನಿಲ್ಲುತ್ತದೆ. ಮಸ್ಕವಿಯಂಥ ಬಾತಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾವಿನ ಬುದ್ಧಿಯೇ ಕಡಿಮೆಯಾದ ಖಾಕಿ ಕ್ಯಾಂಪ್‌ಬೆಲ್‌ಗೆ ಅಷ್ಟಾಗಿ ನಡೆಯುವುದಿಲ್ಲ. ಕಾವಿನಲ್ಲಿ ಹಕ್ಕಿ ಕಡಿಮೆ ತಿನ್ನುವುದರಿಂದ ಕಾಯಿಲೆಯಿಂದ ಎದ್ದು ಬಡಕಲಾಗಿರುವಾಗ ಈ ದಾರಿ ಬೇಡ.

ಆಹಾರದಲ್ಲಿ ಕಾಳು, ಹುಳು, ಹಿಂಡಿ ಥರದ ಕೊಬ್ಬಿನ ತಿಂಡಿ ಕಡಿಮೆ ಮಾಡಿ, ಸೊಪ್ಪು ಮತ್ತು ಮೇಯುವುದನ್ನು ಹೆಚ್ಚಿಸಿ. ಉಪವಾಸ ಕೆಡವಿ ಮೊಟ್ಟೆ ನಿಲ್ಲಿಸುವ ಪದ್ಧತಿಯನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಅದು ಹಿಂಸೆ. ಗರಿ ಉದುರಿಸುವ ಕಾಲದಲ್ಲಿ ಹಕ್ಕಿ ತಾನಾಗಿಯೇ ಮೊಟ್ಟೆ ನಿಲ್ಲಿಸುತ್ತದೆ. ಆ ಬಿಡುವನ್ನು ಲೈಟ್ ಹಾಕಿ ಕೆಡಿಸದಿದ್ದರೆ ಅದೇ ದೊಡ್ಡ ಉಪಕಾರ.

ಹಾರ್ಮೋನ್ ಇಂಪ್ಲಾಂಟ್ ಎಂದರೇನು?

ಡೆಸ್ಲೊರೆಲಿನ್ ಎಂಬ ಔಷಧಿಯ ಅಕ್ಕಿಕಾಳಿನಷ್ಟು ಚಿಕ್ಕ ತುಂಡನ್ನು ಚರ್ಮದ ಕೆಳಗೆ ಇಡುತ್ತಾರೆ. ಅದು ನಿಧಾನವಾಗಿ ಕರಗುತ್ತಾ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲ ಕೆಲವು ದಿನ ಉಲ್ಟಾ ಪರಿಣಾಮವಾಗಿ ಒಂದೆರಡು ಮೊಟ್ಟೆ ಬರಬಹುದು. ಅದು ನಿರೀಕ್ಷಿತವೇ, ಆ ದಿನಗಳಲ್ಲಿ ಕಣ್ಣಿಟ್ಟಿರಿ. ಆಮೇಲೆ ಕೆಲವು ತಿಂಗಳು ಬಿಡುವು ಸಿಗುತ್ತದೆ. ಎಷ್ಟು ತಿಂಗಳು ಎನ್ನುವುದು ಹಕ್ಕಿಯಿಂದ ಹಕ್ಕಿಗೆ ಬೇರೆ, ಪರಿಣಾಮ ಇಳಿದಾಗ ಮತ್ತೆ ಹಾಕಿಸಬೇಕು. ಲ್ಯುಪ್ರೊಲೈಡ್ ಎಂಬ ಇಂಜೆಕ್ಷನ್ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಬೇಗ ಇಳಿಯುತ್ತದೆ. ಪದೇ ಪದೇ ಸಿಕ್ಕಿಕೊಳ್ಳುವ, ನಾಳ ಜಾರುವ, ಹೊಟ್ಟೆಯೊಳಗೆ ಹಳದಿ ಬೀಳುವ ಹಕ್ಕಿಗೆ ಇದು ಸಿಗುವುದಾದರೆ ಹಿಂದೆ ಮುಂದೆ ನೋಡಬೇಡಿ.

ಆಪರೇಷನ್ ಮಾಡಿಸಿದರೆ ಸಮಸ್ಯೆ ಪೂರ್ತಿ ಮುಗಿಯುತ್ತದಾ?

ಬಹುಮಟ್ಟಿಗೆ, ಪೂರ್ತಿ ಅಲ್ಲ. ತೆಗೆಯುವುದು ಮೊಟ್ಟೆನಾಳವನ್ನು. ಅಂಡಾಶಯ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿರುವುದರಿಂದ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೀಗಾಗಿ ಹಳದಿ ಬಿಡುಗಡೆ ಮುಂದುವರಿದು ಹೊಟ್ಟೆಗೆ ಬೀಳುವ ಸಾಧ್ಯತೆ ಉಳಿಯುತ್ತದೆ. ಕೆಲವರಿಗೆ ಆಮೇಲೂ ಇಂಪ್ಲಾಂಟ್ ಬೇಕಾಗುತ್ತದೆ. ಹಕ್ಕಿ ಬಲವಾಗಿರುವಾಗ, ಹಕ್ಕಿಗಳ ಆಪರೇಷನ್ ಮಾಡಿ ಅನುಭವವಿರುವವರ ಕೈಯಲ್ಲಿ ಆದರೆ ಚೇತರಿಕೆ ಚೆನ್ನಾಗಿರುತ್ತದೆ. ಕುಸಿದ ಮೇಲೆ ಮಾಡಿಸಿದರೆ ಅಪಾಯ ಬಹಳ ಜಾಸ್ತಿ.

ಗಂಡು ಬಾತಿಗೆ ಇಂಥ ತೊಂದರೆ ಬರುವುದಿಲ್ಲ ತಾನೇ?

ಬರುತ್ತದೆ. ಬಹಳ ಹಕ್ಕಿಗಳಿಗೆ ಇಲ್ಲದ ಶಿಶ್ನ ಗಂಡು ಬಾತಿಗೆ ಇದೆ, ಸುರುಳಿಯಾಕಾರದ್ದು. ಕೂಡಿದ ಮೇಲೆ ಅದು ಒಳಗೆ ಹೋಗದೆ ಹೊರಗೇ ಉಳಿದರೆ ಒಣಗಿ, ಊದಿ, ಕೊಳೆಯುತ್ತದೆ. ಹೆಣ್ಣುಗಳಿಂದ ಬೇರೆ ಮಾಡಿ, ಸ್ವಚ್ಛ ನೀರಿನಲ್ಲಿ ಬಿಡಿ, ಜೆಲ್ ಸವರಿ ಒಣಗದಂತೆ ನೋಡಿಕೊಳ್ಳಿ. ಹೊಸದಾಗಿ ಆದದ್ದು ತಾನಾಗಿ ಒಳಗೆ ಹೋಗಬಹುದು. ಅದೇ ದಿನ ಹೋಗದಿದ್ದರೆ ಅಥವಾ ಬಣ್ಣ ಕಪ್ಪಾಗುತ್ತಿದ್ದರೆ ವೈದ್ಯರು ಬೇಕು. ತೀರಾ ಕೆಟ್ಟಿದ್ದರೆ ಆ ಭಾಗ ಕತ್ತರಿಸುತ್ತಾರೆ. ಕೇಳಲು ಭಯವಾಗುತ್ತದೆ, ಆದರೆ ಬಾತಿನ ಮೂತ್ರ ಅದರ ಮೂಲಕ ಹೋಗುವುದಿಲ್ಲ. ಮರಿ ಮಾಡಲಾಗದು ಅಷ್ಟೇ, ಉಳಿದಂತೆ ಹಕ್ಕಿ ಆರಾಮವಾಗಿ ಬದುಕುತ್ತದೆ.

ಗಂಡುಗಳ ಕಾಟದಿಂದ ಹೆಣ್ಣಿಗೆ ಕಾಯಿಲೆ ಬರುತ್ತದಾ?

ಖಂಡಿತ. ಕತ್ತಿನ ಹಿಂದೆ ಗರಿ ಉದುರಿ ಗಾಯ, ಬೆನ್ನಿಗೆ ಪೆಟ್ಟು, ಕಣ್ಣಿಗೆ ಏಟು, ನೀರಿನಲ್ಲಿ ಒತ್ತಿ ಹಿಡಿದು ಮುಳುಗಿಸುವುದು ಎಲ್ಲವೂ ಆಗುತ್ತದೆ. ಮಲಿನ ನೀರಿನಲ್ಲಿ ಕೂಡುವುದರಿಂದ ನಾಳಕ್ಕೆ ಸೋಂಕು ಹತ್ತುತ್ತದೆ. ಒಂದು ಗಂಡಿಗೆ ಕನಿಷ್ಠ ಮೂರು ನಾಲ್ಕು ಹೆಣ್ಣು ಇರಲಿ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹೆಣ್ಣನ್ನು ಗಂಡಿನ ಜೊತೆ ಬಿಡಲೇಬೇಡಿ.

ನನ್ನ ಹೆಣ್ಣು ಬಾತಿಗೆ ಗಂಡಿನ ಬಣ್ಣ ಬರುತ್ತಿದೆ! ಇದು ಸಾಧ್ಯವಾ?

ಸಾಧ್ಯ. ಬಾತುಗಳಲ್ಲಿ ಹೆಣ್ಣಿನ ಮಂದ ಬಣ್ಣ ಬರುವುದು ಅಂಡಾಶಯದ ಈಸ್ಟ್ರೋಜನ್‌ನಿಂದ. ವಯಸ್ಸಾಗಿ ಅಥವಾ ಕಾಯಿಲೆಯಿಂದ ಅಂಡಾಶಯ ಕೆಲಸ ನಿಲ್ಲಿಸಿದರೆ, ಮುಂದಿನ ಸಲ ಗರಿ ಬದಲಾಯಿಸುವಾಗ ಗಂಡಿನ ಗರಿ ಬರುತ್ತದೆ, ಕೆಲವೊಮ್ಮೆ ಬಾಲದ ಸುರುಳಿ ಗರಿಯೂ. ಹಕ್ಕಿ ತಿಂದುಂಡು ಚೆನ್ನಾಗಿದ್ದರೆ ಅವಸರವಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿ.

ಕ್ಯಾಲ್ಸಿಯಂ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದಾ?

ಅಲ್ಲ. ಮೊಟ್ಟೆ ಇಡುವ ಹಕ್ಕಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇಕಡಾ 3ರ ಆಸುಪಾಸು ಇರಬೇಕು. ಗಂಡು, ಮರಿ, ಮೊಟ್ಟೆ ನಿಲ್ಲಿಸಿದ ಹೆಣ್ಣಿಗೆ ಶೇಕಡಾ 1ರಷ್ಟು ಸಾಕು. ಅವಕ್ಕೆ ಮೊಟ್ಟೆಕೋಳಿ ಆಹಾರವನ್ನೇ ವರ್ಷಾನುಗಟ್ಟಲೆ ಹಾಕಿದರೆ ಕಿಡ್ನಿ ಹಾಳಾಗುತ್ತದೆ. ಎಲ್ಲರಿಗೂ ಸಾಧಾರಣ ಆಹಾರ ಹಾಕಿ, ಪುಡಿ ಮಾಡಿದ ಕಪ್ಪೆಚಿಪ್ಪನ್ನೋ ಕಾಯಿಸಿ ಒಣಗಿಸಿದ ಮೊಟ್ಟೆ ಚಿಪ್ಪನ್ನೋ ಬೇರೆ ಬಟ್ಟಲಲ್ಲಿ ಇಡುವುದು ಸುಲಭದ ದಾರಿ. ಬೇಕಾದ ಹಕ್ಕಿ ತಾನೇ ತಿನ್ನುತ್ತದೆ. ಡಿ ವಿಟಮಿನ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಆದ್ದರಿಂದ ನೇರ ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಈ ಕೆಲಸಕ್ಕೆ ಬಾರದು. ಬ್ರೆಡ್ಡಿನಿಂದ ಇದ್ಯಾವುದೂ ಸಾಕಷ್ಟು ಸಿಗುವುದಿಲ್ಲ.

ಚೇತರಿಸಿಕೊಳ್ಳುವಾಗ ಒಂಟಿಯಾಗಿ ಇಡಬೇಕಾ?

ಕುಕ್ಕುವವರಿಂದ ದೂರ ಇಡಬೇಕು, ಎಲ್ಲರಿಂದಲೂ ಅಲ್ಲ. ಒಂಟಿ ಬಾತು ತಿನ್ನುವುದನ್ನೇ ಬಿಡಬಹುದು. ನಡುವೆ ಜಾಲರಿ ಹಾಕಿ ಗೆಳತಿಯನ್ನು ಪಕ್ಕದಲ್ಲೇ ಬಿಡಿ. ಹಿಂಭಾಗದ ಗರಿ ದಿನಾ ತೊಳೆದು ಒಣಗಿಸಿ. ಹಿಕ್ಕೆ ಮೆತ್ತಿದ ಕಡೆ ನೊಣ ಮೊಟ್ಟೆ ಇಟ್ಟರೆ ಹುಳು ಬೀಳುತ್ತದೆ. ತಲೆ ಮುಳುಗಿಸಿ ಮೂಗು ತೊಳೆಯುವಷ್ಟು ಆಳದ ನೀರಿನ ಪಾತ್ರೆ ಸದಾ ಇರಲಿ.

ಒಂದೇ ಸಲ ಹಲವು ಹಕ್ಕಿ ಮಂಕಾಗಿ ಮೊಟ್ಟೆ ನಿಲ್ಲಿಸಿದರೆ?

ಆಗ ಇದು ಮೊಟ್ಟೆಯ ತೊಂದರೆಯಲ್ಲ, ಹರಡುವ ರೋಗ ಇರಬಹುದು. ಹಕ್ಕಿಜ್ವರವೂ ಬಾತಿನ ಪ್ಲೇಗೂ ಮೊಟ್ಟೆ ಇಳಿಸುತ್ತವೆ. ಹಕ್ಕಿಗಳನ್ನು ಬೇರೆಡೆ ಸಾಗಿಸದೆ ಪಶುವೈದ್ಯ ಇಲಾಖೆಗೆ ಕೂಡಲೇ ತಿಳಿಸಿ. ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಸಾಕು ಎಂದು ನಿರ್ಧರಿಸುವುದು ಯಾವಾಗ?

ಗಡ್ಡೆ ಹರಡಿದ್ದರೆ, ಹೊಟ್ಟೆಯ ನೀರು ತೆಗೆದಷ್ಟೂ ತುಂಬುತ್ತಿದ್ದರೆ, ನೋವಿನ ಔಷಧಿ ಕೊಟ್ಟರೂ ಹಕ್ಕಿ ತಿನ್ನದೆ, ನೀರಿಗಿಳಿಯದೆ, ಜೊತೆಯವರ ಕಡೆ ತಿರುಗಿಯೂ ನೋಡದೆ ದಿನ ಕಳೆಯುತ್ತಿದ್ದರೆ ನೋವಿಲ್ಲದ ಸಾವಿನ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಅದು ಕೈಬಿಟ್ಟಂತೆ ಅಲ್ಲ. ಒಳ್ಳೆಯ ದಿನ, ಕೆಟ್ಟ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಕೆಟ್ಟ ದಿನಗಳೇ ಜಾಸ್ತಿಯಾದಾಗ ಗೊತ್ತಾಗುತ್ತದೆ.

ಚಿಕಿತ್ಸೆ ನಡೆಯುವಾಗ ಬಂದ ಮೊಟ್ಟೆ ತಿನ್ನಬಹುದಾ?

ಬೇಡ. ಆಂಟಿಬಯೋಟಿಕ್, ನೋವಿನ ಔಷಧಿ, ಹಾರ್ಮೋನ್ ಇವೆಲ್ಲದರ ಅಂಶ ಮೊಟ್ಟೆಗೆ ಬರಬಹುದು. ಹಳದಿ ತಯಾರಾಗಲು ಹಲವು ದಿನ ಹಿಡಿಯುವುದರಿಂದ ಔಷಧಿ ನಿಲ್ಲಿಸಿದ ಮರುದಿನದ ಮೊಟ್ಟೆಯೂ ಸುರಕ್ಷಿತವಲ್ಲ. ಎಷ್ಟು ದಿನ ಬಿಡಬೇಕು ಎಂದು ಪ್ರತಿ ಔಷಧಿಗೂ ವೈದ್ಯರನ್ನೇ ಕೇಳಿ ಬರೆದುಕೊಳ್ಳಿ. ಅಲ್ಲಿಯವರೆಗಿನ ಮೊಟ್ಟೆಯನ್ನು ಬೇರೆ ಪ್ರಾಣಿಗಳಿಗೂ ಹಾಕಬೇಡಿ, ಚಿಪ್ಪನ್ನು ಪುಡಿ ಮಾಡಿ ಬಾತುಗಳಿಗೆ ಕೊಡುವುದೂ ಬೇಡ.